ಅಂಗೈ ಗಣಕಯಂತ್ರಕ್ಕೆ ಹೊಂದುವ ದಾರಿನಕ್ಷೆಯ ತಂತ್ರಾಂಶವನ್ನು ಆರಿಸುವ ಕ್ರಮ

(ಬಂಗಾರಪೇಟೆ ತಾಲ್ಲೂಕಿನ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್.ಏಜಿ., ಇವರು ಗ್ರಾಮ ಮುಖಂಡರಿಗೂ ಜಮೀನುದಾರರಿಗೂ ಬರೆದುದು)

ಊರಿಂದೂರಿಗೆ ಹೋಗುವ ದಾರಿಯನ್ನು ತಿಳಿಯಲು ದಾರಿಹೋಕರನ್ನು ಕೇಳುವುದೂ, ಹೊಲದ ಮೇರೆಯನ್ನು ತಿಳಿಯಲು ಹಿರಿಯರನ್ನು ಕರೆದೊಯ್ಯುವುದೂ ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಈಗ ಈ ಎರಡು ಕೆಲಸಗಳಿಗೂ ರೈತರು ಮೊಬೈಲನ್ನೋ ಟ್ಯಾಬ್ಲೆಟ್ಟನ್ನೋ ಕೈಗೆತ್ತಿಕೊಳ್ಳುತ್ತಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಯಂತ್ರವನ್ನು ಮೊದಲು ಕೊಂಡು, ಅದರಲ್ಲಿ ಬೇಕಾದ ತಂತ್ರಾಂಶವು ನಡೆಯುವುದೇ ಇಲ್ಲವೆಂದು ಆಮೇಲೆ ಕಂಡುಕೊಳ್ಳುವವರು ಹಲವರು. ಕೆಮ್ಮಣ್ಣಿನ ರಾಗಿಯ ಹೊಲಕ್ಕೆ ಗದ್ದೆಯ ಬತ್ತವನ್ನು ತಂದು ಚೆಲ್ಲಿ, ಬೆಳೆ ಬರಲಿಲ್ಲವೆಂದು ಬೀಜವನ್ನು ಹಳಿಯುವುದು ಹೇಗೆ ನ್ಯಾಯವಲ್ಲವೋ ಹಾಗೆಯೇ ಯಂತ್ರಕ್ಕೆ ಹೊಂದದ ತಂತ್ರಾಂಶವನ್ನು ಹಾಕಿ ಹಳಿಯುವುದೂ ನ್ಯಾಯವಲ್ಲ. ಆದಕಾರಣ ಆರಿಸತಕ್ಕ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

1. ಮೊದಲು ಕೆಲಸವನ್ನು ಗೊತ್ತುಮಾಡಿಕೊಳ್ಳುವುದು

ವ್ಯವಸಾಯಗಾರನಿಗೆ ಇಂಥ ತಂತ್ರಾಂಶದಿಂದ ಆಗತಕ್ಕ ಕೆಲಸಗಳು ಮುಖ್ಯವಾಗಿ ಮೂರು.

ಒಂದನೆಯದು, ದಾರಿ ತೋರಿಸುವುದು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಗಾಡಿಗೆ ಇದು ಬೇಕು. ಗೂಗಲ್ ಮ್ಯಾಪ್ಸ್, ಮ್ಯಾಪಲ್ಸ್, ಓಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬುವು ಈ ಜಾತಿಯವು.

ಎರಡನೆಯದು, ನಿಂತ ನೆಲದ ಸರ್ವೆ ನಂಬರನ್ನು ತಿಳಿಸುವುದು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದವರು ಗ್ರಾಮ ನಕ್ಷೆಗಳನ್ನು ಗಣಕಕ್ಕೆ ಏರಿಸಿ ಸಿದ್ಧಪಡಿಸಿದ ‘ದಿಶಾಂಕ್’ ಎಂಬುದು ಇದಕ್ಕೆ ತಕ್ಕದ್ದು.

ಮೂರನೆಯದು, ಬೆಳೆ ಸಮೀಕ್ಷೆ. ರೈತನು ತನ್ನ ತಾಕಿನಲ್ಲಿ ನಿಂತು ಬೆಳೆಯ ಚಿತ್ರವನ್ನು ತೆಗೆದು ಕಳುಹಿಸುವ ಸರ್ಕಾರದ ಆ್ಯಪ್ ಇದು. ಬೆಳೆ ವಿಮೆ, ಬೆಳೆನಷ್ಟದ ಪರಿಹಾರ ಮೊದಲಾದುವಕ್ಕೆ ಈ ದಾಖಲೆಯೇ ಆಧಾರವಾಗುವುದರಿಂದ, ಹೊಂದದ ಯಂತ್ರವನ್ನು ನೆಚ್ಚಿ ಅವಧಿಯನ್ನು ಕಳೆದುಕೊಂಡ ರೈತನಿಗೆ ಒದಗುವ ನಷ್ಟವು ಅಲ್ಪವಲ್ಲ.

ಈ ಮೂರನ್ನೂ ಒಂದೇ ತಂತ್ರಾಂಶವು ಮಾಡಲಾರದು. ದಾರಿ ತೋರುವುದರಲ್ಲಿ ಸರ್ವೆ ನಂಬರಿಲ್ಲ. ದಿಶಾಂಕವು ಲಾರಿಯ ಚಾಲಕನಿಗೆ ತಿರುವುಗಳನ್ನು ಹೇಳತಕ್ಕ ಸಾಧನವಲ್ಲ. ಇನ್ನೊಂದು ಸಂಗತಿ: ನಮ್ಮ ಗಡಿಯ ಹೋಬಳಿಗಳಲ್ಲಿ ಕೆಲವರಿಗೆ ತಮಿಳುನಾಡಿನಲ್ಲಿಯೂ ಆಂಧ್ರದಲ್ಲಿಯೂ ಜಮೀನುಂಟು. ದಿಶಾಂಕದ ವ್ಯಾಪ್ತಿ ಕರ್ನಾಟಕದ ಗಡಿಗೆ ಮುಗಿಯುವುದು. ಆಚೆಯ ಜಮೀನಿಗೆ ಆಯಾ ರಾಜ್ಯದ ದಾಖಲೆಯನ್ನೇ ನೋಡತಕ್ಕದ್ದು.

2. ಯಂತ್ರದ ಪರೀಕ್ಷೆ

ಪ್ರತಿಯೊಂದು ಗಣಕಕ್ಕೂ ಅದನ್ನು ನಡೆಸುವ ಮೂಲ ತಂತ್ರಾಂಶವೊಂದಿರುವುದು. ಆಂಡ್ರಾಯ್ಡ್ ಒಂದು, ಐಫೋನಿನದು ಇನ್ನೊಂದು. ಒಂದಕ್ಕಾಗಿ ಮಾಡಿದುದು ಮತ್ತೊಂದರಲ್ಲಿ ನಡೆಯದು. ನಮ್ಮ ನಾಡಿನಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಧ್ಯಾಪಕರೂ ಎನ್‌ಕೋರ್ ಎಂಬ ಕಂಪೆನಿಯವರೂ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕಯಂತ್ರವನ್ನು ರೂಪಿಸಿದರು. ಕಡಿಮೆ ಬೆಲೆಗೆ, ದೇಶಭಾಷೆಗಳಲ್ಲಿ, ಓದುಬಾರದವರಿಗೂ ಒದಗಬೇಕೆಂಬುದು ಅವರ ಉದ್ದೇಶ. ಕರ್ನಾಟಕ ಸರ್ಕಾರವು 2004 ರಲ್ಲಿ ಭೂದಾಖಲೆಯ ವಿವರ ಸಂಗ್ರಹಕ್ಕೆ ಇದನ್ನು ಉಪಯೋಗಿಸಿತು. ಅದು ಲಿನಕ್ಸ್ ಎಂಬ ಮೂಲದ ಮೇಲೆ ನಡೆಯುತ್ತಿದ್ದುದರಿಂದ, ಅಂದು ಪಾಮ್ ಮತ್ತು ವಿಂಡೋಸ್ ಕೈಗಣಕಗಳಿಗಾಗಿ ಮಾರುತ್ತಿದ್ದ ನಕ್ಷೆಯ ತಂತ್ರಾಂಶಗಳು ಹಾಗೆಯೇ ಅದರಲ್ಲಿ ನಡೆಯುವಂತಿರಲಿಲ್ಲ. ಪಾಮ್ ಕೈಗಣಕಗಳೂ ಕಾಲಕ್ರಮದಲ್ಲಿ ಮರೆಯಾದುವು. ವಿಂಡೋಸ್ ಮೊಬೈಲಿಗೆ ಕಂಪೆನಿಯ ಆಶ್ರಯವು ಕೊನೆಗೆ ಮುಗಿಯಿತು. ಯಂತ್ರವು ಗಟ್ಟಿಯಾಗಿದ್ದರೂ ಮೂಲ ತಂತ್ರಾಂಶಕ್ಕೆ ದಿಕ್ಕಿಲ್ಲದಿದ್ದರೆ, ಬೀಜ ಸಿಕ್ಕದ ತಳಿಯನ್ನು ನೆಚ್ಚಿದಂತಾಗುವುದು.

ಇಂದಿಗೂ ಇದೇ ಮಾತು. 2017 ರಲ್ಲಿ ಬಂದ ಜಿಯೋಫೋನು ಗುಂಡಿಯೊತ್ತುವ ಅಗ್ಗದ ಫೋನು. ಅನೇಕ ಮನೆಗಳನ್ನು ಸೇರಿತು. ಆದರೆ ಅದರ ಮೂಲವು ಕೈ-ಓಎಸ್ ಆದುದರಿಂದ ಆಂಡ್ರಾಯ್ಡಿಗಾಗಿ ಮಾಡಿದ ಆ್ಯಪ್‌ಗಳು ಅದರಲ್ಲಿ ನಡೆಯುವುದಿಲ್ಲ. ಆದಕಾರಣ ಕೊಳ್ಳುವ ಮೊದಲು ಈ ನಾಲ್ಕನ್ನು ನೋಡತಕ್ಕದ್ದು.

(ಅ) ಮೂಲ ತಂತ್ರಾಂಶದ ಹೆಸರು ಮತ್ತು ಆವೃತ್ತಿಯ ಸಂಖ್ಯೆ. ಬೇಕಾದ ಆ್ಯಪ್ ಯಾವ ಆವೃತ್ತಿಯಿಂದ ಮೇಲಿನದನ್ನು ಕೇಳುವುದೆಂದು ಹೋಲಿಸಿ ನೋಡಬೇಕು. ಹಳೆಯ ಫೋನನ್ನು ಇತರರಿಂದ ಕೊಳ್ಳುವವರು ಇದನ್ನು ಮರೆಯಲಾಗದು.

(ಆ) ಉಪಗ್ರಹದ ಸಂಕೇತವನ್ನು ಹಿಡಿಯುವ ಭಾಗ. ಕೆಲವು ಟ್ಯಾಬ್ಲೆಟ್ಟುಗಳಲ್ಲಿ ಇದು ಇರುವುದೇ ಇಲ್ಲ. ವೈ-ಫೈ ಮಾತ್ರವುಳ್ಳ ಐಪ್ಯಾಡಿನಲ್ಲಿ ಇಲ್ಲ. ಸಿಮ್ ಹಾಕತಕ್ಕ ಐಪ್ಯಾಡಿನಲ್ಲಿ ಉಂಟು. ಹೊರಗೆ ನೋಡಲು ಎರಡೂ ಒಂದೇ. ಅಮೆರಿಕದ ಜಿಪಿಎಸ್ ಅಲ್ಲದೆ ನಮ್ಮ ಇಸ್ರೋ ಸಂಸ್ಥೆಯು 2013 ರಿಂದ ಹಾರಿಸಲಾರಂಭಿಸಿದ ‘ನಾವಿಕ್’ ಉಪಗ್ರಹಗಳನ್ನೂ ಹಿಡಿಯುವ ಫೋನುಗಳು ಬಂದಿವೆ, ಎಲ್ಲವೂ ಹಿಡಿಯಲಾರವು. ಹೆಚ್ಚು ಉಪಗ್ರಹಗಳು ಕಂಡಷ್ಟೂ ಮರಗಳ ನಡುವೆ ಸ್ಥಳವನ್ನು ಹೇಳುವುದು ಸುಲಭ.

(ಇ) ಖಾಲಿ ಜಾಗ. ನಕ್ಷೆಯನ್ನು ಯಂತ್ರದಲ್ಲಿ ಇರಿಸಿಕೊಳ್ಳಲು ಕಣಜದಲ್ಲಿ ಎಡೆಯಿರಬೇಕು.

(ಈ) ಬಿಸಿಲಿನಲ್ಲಿ ಓದಲು ಬರುವ ತೆರೆ, ಕನ್ನಡ ಅಕ್ಷರ, ಒಂದು ಹಗಲು ಬಾಳುವ ಬ್ಯಾಟರಿ. ಹೊಲದಲ್ಲಿ ಉಪಯೋಗಿಸತಕ್ಕವನಿಗೆ ಇವು ಅಲಂಕಾರಗಳಲ್ಲ.

3. ಜಾಲವಿಲ್ಲದ ಕಡೆ ನಡೆಯುವುದೇ?

ಉಪಗ್ರಹದ ಸಂಕೇತಕ್ಕೂ ಮೊಬೈಲ್ ಜಾಲಕ್ಕೂ ಸಂಬಂಧವಿಲ್ಲ. ಜಾಲವು ಹೋದರೂ ಯಂತ್ರವು ತಾನಿರುವ ಸ್ಥಳವನ್ನು ಬಲ್ಲುದು. ಆದರೆ ಆ ಸ್ಥಳವನ್ನು ತೋರಿಸಲು ನಕ್ಷೆಯು ಬಾರದು. ಕಾಡಂಚಿನ ಹಳ್ಳಿಗಳಿಗೆ ಹೋಗತಕ್ಕವರು ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್‌ಮ್ಯಾಂಡ್ ಇವುಗಳು ಇಳಿಸಿಕೊಂಡ ನಕ್ಷೆಯಿಂದಲೇ ನಡೆಯತಕ್ಕವು. ಗೂಗಲ್ ಮ್ಯಾಪ್ಸಿನಲ್ಲಿಯೂ ಒಂದು ಪ್ರದೇಶವನ್ನು ಇಳಿಸಿಕೊಳ್ಳಬಹುದು. ಆದರೆ ಆಗ ಮೋಟಾರು ದಾರಿ ಮಾತ್ರ ಸಿಕ್ಕುವುದು, ಕಾಲ್ನಡಿಗೆಯ ದಾರಿ ಸಿಕ್ಕದು. ರಸ್ತೆಯ ದಟ್ಟಣೆಯೂ ತಿಳಿಯದು.

ಸಾಮಾನ್ಯವಾಗಿ ಈ ತಂತ್ರಾಂಶಗಳು ಕಾರನ್ನು ಮನಸ್ಸಿನಲ್ಲಿಟ್ಟು ದಾರಿ ಹೇಳುವುವು. ರೈಲುಹಾದಿಯ ಕೆಳಗಿನ ತಗ್ಗು ಸೇತುವೆಯಲ್ಲಿ ಕಾರು ದಾಟೀತು. ಹುಲ್ಲಿನ ಹೊರೆ ಹೊತ್ತ ಲಾರಿ ದಾಟದು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುವುದೂ ಉಂಟು. ಇನ್ನು 2001 ರಲ್ಲಿ ಮುಚ್ಚಿದ ಚಿನ್ನದ ಗಣಿಯ ಪ್ರದೇಶದಲ್ಲಿ ಕಾಲುದಾರಿಯೊಂದು ತೆರೆಯ ಮೇಲೆ ಕಂಡಮಾತ್ರಕ್ಕೆ ಗಣಿಮಣ್ಣಿನ ದಿಬ್ಬಗಳ ನಡುವೆ ನುಗ್ಗುವುದು ಸಲ್ಲದು. ಸ್ಥಳೀಯರನ್ನು ಕೇಳುವುದೇ ಮೇಲು.

4. ಅಂಕಿಗಳ ಹೊಂದಿಕೆ

ಸ್ಥಳವನ್ನು ಅಕ್ಷಾಂಶ ರೇಖಾಂಶಗಳಿಂದ ಹೇಳುವರು. ಇದನ್ನು ಬರೆಯುವ ರೀತಿ ಎರಡು: ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲಿ ಒಂದು, ದಶಾಂಶದಲ್ಲಿ ಇನ್ನೊಂದು. ಒಂದು ಡಿಗ್ರಿಗೆ ಮಿನಿಟುಗಳು 60. ಆದುದರಿಂದ 12 ಡಿಗ್ರಿ 59 ಮಿನಿಟು ಎಂಬುದು ದಶಾಂಶದಲ್ಲಿ 12.983 ಆಗುವುದೇ ಹೊರತು 12.59 ಅಲ್ಲ. ಬಂಗಾರಪೇಟೆಯ ಬಳಿಯ ಜಮೀನನ್ನು ಹೀಗೆ ತಪ್ಪಾಗಿ ಬರೆದರೆ ಅದು 40 ಕಿಲೋಮೀಟರಿಗೂ ಹೆಚ್ಚು ದೂರ ತೆಂಕಲಿಗೆ ಸರಿದು ಕೃಷ್ಣಗಿರಿಯ ಸೀಮೆಗೆ ಬೀಳುವುದು.

ಇದಕ್ಕಿಂತ ಸೂಕ್ಷ್ಮವಾದುದು ಭೂಮಾನದ ಆಧಾರ. ಲ್ಯಾಂಬ್ಟನ್ ಎಂಬಾತನು ಮೈಸೂರು ಸೀಮೆಯ ಅಳತೆಗಾಗಿ 1800 ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು. ಆತನ ತರುವಾಯ ಆ ಕಾರ್ಯವನ್ನು ಮುಂದುವರಿಸಿದ ಎವರೆಸ್ಟನು 1830 ರಲ್ಲಿ ಗೊತ್ತುಮಾಡಿದ ಭೂಮಿಯ ಆಕಾರವನ್ನು ಅನುಸರಿಸಿ ಭಾರತದ ಹಳೆಯ ಸರ್ವೆ ನಕ್ಷೆಗಳು ಆದುವು. ಜಿಪಿಎಸ್ ಅನುಸರಿಸುವುದು ಬೇರೊಂದು ಆಧಾರವನ್ನು; ಅದಕ್ಕೆ ಡಬ್ಲ್ಯು.ಜಿ.ಎಸ್. 84 ಎಂದು ಹೆಸರು. ಹಳೆಯ ನಕ್ಷೆಯ ಅಂಕಿಯನ್ನು ಹಾಗೆಯೇ ಫೋನಿಗೆ ಕೊಟ್ಟರೆ ಗುರುತು ನಮ್ಮ ಕಡೆ ನೂರು ಮೀಟರಿಗೂ ಮೀರಿ ಸರಿಯುವುದು. ಇದು ಯಂತ್ರದ ದೋಷವಲ್ಲ. ಎರಡು ಊರಿನ ಸೇರುಗಳಿಂದ ಒಂದೇ ರಾಶಿಯನ್ನು ಅಳೆದಂತೆ. ಅಂಕಿಯನ್ನು ಕೊಡುವವರಿಂದ ಆಧಾರ ಯಾವುದೆಂಬುದನ್ನೂ ಬರೆಸಿಕೊಳ್ಳತಕ್ಕದ್ದು.

5. ಎಷ್ಟರಮಟ್ಟಿಗೆ ನಂಬಬಹುದು?

ಇದು ಮುಖಂಡರು ಮುಖ್ಯವಾಗಿ ಗಮನಿಸತಕ್ಕ ಭಾಗ. ತೆರೆದ ಬಯಲಿನಲ್ಲಿ ಒಳ್ಳೆಯ ಫೋನಿನ ತಪ್ಪು ಸುಮಾರು 5 ಮೀಟರು, ಎಂದರೆ 16 ಅಡಿ. ನೀಲಗಿರಿ ತೋಪಿನಲ್ಲಿಯೂ, ಬಂಡೆಯ ಮಗ್ಗುಲಲ್ಲಿಯೂ ಇನ್ನೂ ಹೆಚ್ಚು. ದಾರಿ ತಿಳಿಯಲು ಇಷ್ಟು ತಪ್ಪಿದರೆ ಬಾಧಕವಿಲ್ಲ. ಮೇರೆಗೆ ಬಂದರೆ ಲೆಕ್ಕ ಬೇರೆ. ಗುಂಟೆಯೆಂಬುದು 33 ಅಡಿ ಚೌಕ. ಒಂದು ಎಕರೆಯ ಚೌಕ ಹೊಲದ ಪಕ್ಕವು ಸುಮಾರು 209 ಅಡಿ. ಅದರ ಒಂದು ಬದಿಯ ಗೆರೆಯು 16 ಅಡಿ ಸರಿದರೆ ಅತ್ತಿತ್ತಾಗುವ ನೆಲವು ಮೂರು ಗುಂಟೆಗೂ ತುಸು ಹೆಚ್ಚು. ಇದಲ್ಲದೆ ಸರಪಳಿಯಿಂದ ಅಳೆದು ಬರೆದ ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹದ ಚಿತ್ರದ ಮೇಲೆ ಹಾಸುವಾಗ ಬರುವ ವ್ಯತ್ಯಾಸವು ಬೇರೆ.

ಆದಕಾರಣ ತೆರೆಯ ಮೇಲಿನ ಗೆರೆಯನ್ನು ನೋಡಿ ಬಾಂದುಕಲ್ಲನ್ನು ಕೀಳುವುದಾಗಲಿ, ಬೇಲಿಯನ್ನು ಸರಿಸುವುದಾಗಲಿ ಕೂಡದು. ಅಣ್ಣತಮ್ಮಂದಿರ ನಡುವೆ ವ್ಯಾಜ್ಯವು ಇಲ್ಲಿಂದಲೇ ಹುಟ್ಟುವುದು. ಮೂರು ಗುಂಟೆಗಾಗಿ ಹೂಡಿದ ದಾವೆಯು ಮೂರು ಎಕರೆಯನ್ನು ನುಂಗುವುದು. ಸಂಶಯವಿದ್ದಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಅಳೆದು ಹೇಳಿದುದನ್ನೇ ಪ್ರಮಾಣವಾಗಿ ತೆಗೆದುಕೊಳ್ಳತಕ್ಕದ್ದು. ಊರಿನಲ್ಲಿ ಇಂಥ ಮಾತು ಬಂದಾಗ ಮುಖಂಡರು ಫೋನಿನ ಗೆರೆಯನ್ನು ಸಾಕ್ಷಿಯಾಗಿ ಒಪ್ಪಬಾರದು.

6. ಪರೀಕ್ಷಿಸಿ ನೋಡುವ ಕ್ರಮ

(1) ತಂತ್ರಾಂಶವನ್ನು ಫೋನಿನ ಅಂಗೀಕೃತ ಅಂಗಡಿಯಿಂದ ಮಾತ್ರ ಇಳಿಸಿಕೊಳ್ಳಿ. ಯಾರೋ ಕಳುಹಿಸಿದ ಕಡತವನ್ನು ತೆರೆಯಬೇಡಿ.

(2) ಯಾರಿಗೂ ವಿವಾದವಿಲ್ಲದ ಬಾಂದುಕಲ್ಲೊಂದರ ಬಳಿ, ಮರದ ನೆರಳಿಲ್ಲದ ಕಡೆ ನಿಂತು, ಕೆಲವು ನಿಮಿಷ ಕಾಯಿರಿ. ಯಂತ್ರವು ತೋರಿಸುವ ಗುರುತು ಕಲ್ಲಿನಿಂದ ಎಷ್ಟು ದೂರವೆಂದು ಹೆಜ್ಜೆಯಿಂದ ಅಳೆದು ಬರೆದುಕೊಳ್ಳಿ.

(3) ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಮರುದಿನ ಒಂದು ಸಲ ಹೀಗೆಯೇ ಮಾಡಿರಿ. ಗುರುತುಗಳು ಎಷ್ಟು ಚದುರುವುವೋ ಅಷ್ಟು ಆ ಯಂತ್ರದ ಚಾಂಚಲ್ಯ.

(4) ಜಾಲವನ್ನು ನಿಲ್ಲಿಸಿ, ತಿಳಿದ ದಾರಿಯೊಂದನ್ನು ಕೇಳಿ ನೋಡಿರಿ. ತಿಳಿದ ದಾರಿಯನ್ನೇ ತಪ್ಪು ಹೇಳುವ ತಂತ್ರಾಂಶವು ತಿಳಿಯದ ದಾರಿಯನ್ನು ಸರಿಯಾಗಿ ಹೇಳೀತೆಂದು ನಂಬುವುದು ಹೇಗೆ?

(5) ಬೆಳೆ ಸಮೀಕ್ಷೆಯ ಆ್ಯಪ್ ನಿಮ್ಮ ಫೋನಿನಲ್ಲಿ ತೆರೆಯುವುದೇ ಎಂಬುದನ್ನು ಬಿತ್ತನೆಯ ಕಾಲಕ್ಕೇ ನೋಡಿಕೊಳ್ಳಿ. ಅವಧಿಯ ಕೊನೆಯ ದಿನಕ್ಕೆ ಬಿಡಬೇಡಿ.

ಪ್ರತಿಯೊಬ್ಬ ರೈತನೂ ಬೆಲೆಯುಳ್ಳ ಫೋನನ್ನು ಕೊಳ್ಳಬೇಕಾಗಿಲ್ಲ. ಊರಿಗೆ ಮೇಲ್ಕಂಡಂತೆ ಪರೀಕ್ಷಿಸಿದ ಒಂದೆರಡು ಯಂತ್ರಗಳೂ, ಅವನ್ನು ನಡೆಸಬಲ್ಲ ಓದಿದ ಹುಡುಗರಿಬ್ಬರೂ ಇದ್ದರೆ, ಯಂತ್ರವಿಲ್ಲದ ಬಡ ರೈತನ ಬೆಳೆಯೂ ದಾಖಲೆಗೆ ಸೇರುವುದು. ಮುಖಂಡರು ಇಷ್ಟನ್ನು ಏರ್ಪಡಿಸಿದರೆ ಗ್ರಾಮಕ್ಕೆ ದೊಡ್ಡ ಉಪಕಾರ ಮಾಡಿದಂತಾಗುವುದು.