ಜ್ವರದ ಮಗುವನ್ನು ವಾಪಸ್ ಕಳಿಸಿದ ಡೇಕೇರ್

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆಫೀಸಿಗೆ ಹೊರಟು ನಿಂತಾಗ, ಗೇಟಿನಲ್ಲೇ ಥರ್ಮಾಮೀಟರ್ ನೋಡಿ 'ಮನೆಗೆ ಕರೆದುಕೊಂಡು ಹೋಗಿ' ಎಂದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆದರೂ ಈ ವಿಷಯದಲ್ಲಿ ನಾನು ಡೇಕೇರ್ ಪರ. ಔಷಧಿಯಿಲ್ಲದೆ 24 ಗಂಟೆ ಜ್ವರ ಬಿಟ್ಟಿರಬೇಕು ಎಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು 4ರಿಂದ 6 ಗಂಟೆ ಮಾತ್ರ. ಬೆಳಗ್ಗೆ ಸಿರಪ್ ಕುಡಿಸಿ ಬಿಟ್ಟರೆ ಮಧ್ಯಾಹ್ನ ಮಲಗಿಸುವ ಹೊತ್ತಿಗೆ ಮೈ ಮತ್ತೆ ಸುಡುತ್ತದೆ. ಅಷ್ಟರಲ್ಲಿ ನಿಮ್ಮ ಮಗು ಚೀಪಿದ ಆಟಿಕೆ ಇನ್ನೊಂದು ಮಗುವಿನ ಬಾಯಲ್ಲಿರುತ್ತದೆ. ಸಿರಪ್ ಕೊಟ್ಟದ್ದನ್ನು ಮಾತ್ರ ಯಾವತ್ತೂ ಮುಚ್ಚಿಡಬೇಡಿ. ಗೊತ್ತಿಲ್ಲದೆ ಆಯಾ ಇನ್ನೊಂದು ಡೋಸ್ ಕೊಟ್ಟರೆ ಅಪಾಯ ನಿಮ್ಮ ಮಗುವಿಗೇ.

ನನ್ನನ್ನು ಕಾಡುತ್ತಿರುವುದು ನಿಮ್ಮ ಪತ್ರದ ಕೊನೆಯ ಸಾಲು. ಹಗಲಿನಲ್ಲಿ ಪೋಷಕರು ಒಳಗೆ ಬರುವಂತಿಲ್ಲವಂತೆ! ಇದನ್ನು ಒಪ್ಪಬೇಡಿ. ಮಕ್ಕಳ ನಿದ್ದೆಯ ವೇಳೆ ಬರಬೇಡಿ ಎನ್ನಲಿ, ಸರಿ. ಆದರೆ ಹೆತ್ತವರಿಗೆ ದಿನವಿಡೀ ಬಾಗಿಲು ಹಾಕುವ ಕೇಂದ್ರದಲ್ಲಿ ನಾನಂತೂ ಮಗುವನ್ನು ಬಿಡುವುದಿಲ್ಲ. ನಿಮಗೆ ಇನ್ನೊಂದು ದಾರಿಯೂ ಇದೆ: 50ಕ್ಕಿಂತ ಹೆಚ್ಚು ಜನ ದುಡಿಯುವ ಕಚೇರಿ ನಿಮ್ಮದು. ಇಂಥ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿಗೆ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದು 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಎಚ್‌ಆರ್‌ಗೆ ಇಮೇಲ್ ಬರೆದು ಕೇಳಿ.

ಡೇಕೇರ್‌ಗೂ ಒಂದು ಪತ್ರ ಕೊಡಿ: ಮಗುವನ್ನು ಕರೆದೊಯ್ಯಲು ನಿಮ್ಮಿಬ್ಬರ ಜೊತೆಗೆ ಅಜ್ಜಿಯ ಹೆಸರು, ಫೋಟೊ, ಫೋನ್ ನಂಬರ್ ಇರಲಿ. ಮುಂದಿನ ಸಲ ಜ್ವರ ಬಂದಾಗ ಮೊದಲ ಕರೆ ಅವರಿಗೇ ಹೋಗಲಿ.