ಕುಸುಬೆಯೆಣ್ಣೆಯ ಕಲೆ

ಬೀದರ ಸೀಮೆಯಲ್ಲಿ ಎಳ್ಳಮಾವಾಸ್ಯೆಯಂದು ಜನರು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿಗಳ ಊಟ ಮಾಡಿ ಬರುವ ಪದ್ಧತಿಯುಂಟು. ನಗರದ ಚಿದ್ರಿಯಾಗಲಿ, ಭಾಲ್ಕಿ ಔರಾದಗಳ ಹಳ್ಳಿಗಳಾಗಲಿ, ಹಬ್ಬದ ಮರುದಿನ ಅಂಗಿ ಸೀರೆಗಳ ಮೇಲೆ ಎಣ್ಣೆಯ ಕಲೆ ಕಾಣದ ಮನೆ ಅಪರೂಪ. ಇವುಗಳಲ್ಲಿ ಕೆಲವು ಒಂದೇ ಒಗೆತಕ್ಕೆ ಮಾಯವಾಗುವುವು. ಬಟ್ಟೆಯನ್ನು ಗಂಟುಕಟ್ಟಿ ಕೆಲವು ವಾರ ಬಿಟ್ಟರೆ ಮತ್ತೆ ಕೆಲವು ಬಿಗಿದುಕೊಂಡು ಯಾವ ಸಾಬೂನಿಗೂ ಜಗ್ಗವು. ಒಗೆಯುವವರನ್ನು ದೂರುವುದಕ್ಕೆ ಮೊದಲು ಎಣ್ಣೆಯ ಜಾತಿಯನ್ನು ವಿಚಾರಿಸಬೇಕು.

ಈ ಸೀಮೆಯ ಹಳೆಯ ಅಡುಗೆಯೆಣ್ಣೆಗಳಲ್ಲಿ ಕುಸುಬೆಯದು ಒಂದು. ಎಲ್ಲ ಎಣ್ಣೆಗಳೂ ಗ್ಲಿಸರಿನ್ನಿನೊಡನೆ ಮೇದಾಮ್ಲಗಳು ಕೂಡಿ ಆದವುಗಳೇ. ಆದರೆ ರೂಢಿಯ ಕುಸುಬೆಯೆಣ್ಣೆಯ ಮೇದಾಮ್ಲಗಳಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಇದರ ಇಂಗಾಲದ ಸರಪಳಿಯಲ್ಲಿ ಎರಡು ದ್ವಿಬಂಧಗಳಿವೆ. ಎಣ್ಣೆಯೊಂದು ಎಷ್ಟು ಅಯೋಡಿನ್ನನ್ನು ಹೀರುವುದೆಂಬುದರಿಂದ ಇಂಥ ಬಂಧಗಳನ್ನು ಅಳೆಯುವುದುಂಟು. ತೆಂಗಿನೆಣ್ಣೆಗೆ ಈ ಸಂಖ್ಯೆ ಸುಮಾರು 8, ಕಡಲೆಕಾಯಿ ಎಣ್ಣೆಗೆ 90ರ ಆಸುಪಾಸು, ಕುಸುಬೆಗೆ ಸುಮಾರು 140, ಅಗಸೆಗೆ 180ರಷ್ಟು. ದ್ವಿಬಂಧಗಳ ಪಕ್ಕದಲ್ಲಿ ಗಾಳಿಯ ಆಮ್ಲಜನಕವು ಸೇರಿಕೊಂಡಾಗ ಅಣು ಅಣುವಿಗೆ ಕೊಂಡಿ ಬಿದ್ದು, ದ್ರವವಾಗಿದ್ದ ಎಣ್ಣೆ ಬಲೆಯಂತೆ ಹೆಣೆದುಕೊಂಡು ಪೊರೆಯಾಗುತ್ತದೆ. ವರ್ಣಚಿತ್ರಗಾರರು ಅಗಸೆ, ಕುಸುಬೆಗಳ ಎಣ್ಣೆಯಲ್ಲಿ ಬಣ್ಣ ಅರೆಯುವುದು ಈ ಗುಣಕ್ಕಾಗಿಯೇ. ಎಂದಮೇಲೆ ಅಂಗಿಯ ಮೇಲಿನ ಹಳೆಯ ಕಲೆಯು ಜಿಡ್ಡಲ್ಲ, ವಾರ್ನಿಷು!

ಸಾಬೂನಿನ ಅಣುವಿಗೆ ಒಂದು ತುದಿ ನೀರಿಗೆ ಒಲಿಯುವುದು, ಉದ್ದವಾದ ಇನ್ನೊಂದು ತುದಿ ಎಣ್ಣೆಗೆ. ಇಂಥ ಅಣುಗಳು ಹನಿಯನ್ನು ಸುತ್ತುವರಿದು ನೂಲಿನಿಂದ ಎತ್ತಿ ನೀರಿಗೆ ಒಪ್ಪಿಸುತ್ತವೆ. ಹನಿ ಹನಿಯಾಗಿಯೇ ಇರುವಾಗ ಮಾತ್ರ ಇದು ಸಾಧ್ಯ. ಬಲೆಯಾದ ಪೊರೆಯನ್ನು ಅವು ಹರಿಯಲಾರವು.

ಆದಕಾರಣ ಕಲೆಯಾದ ದಿನವೇ ಕೆಲಸ ನಡೆಯಬೇಕು. ಮೊದಲು ನೀರು ಸೋಕಿಸಬಾರದು. ಒದ್ದೆಯಾದ ನೂಲಿನಿಂದ ಎಣ್ಣೆಯನ್ನು ಪುಡಿಯು ಸರಿಯಾಗಿ ಹೀರಲಾರದು. ಜೋಳದ ಹಿಟ್ಟನ್ನೋ ಸೀಮೆಸುಣ್ಣದ ಪುಡಿಯನ್ನೋ ಕಲೆಯ ಮೇಲೆ ಹರಡಿ, ಅರ್ಧ ಗಂಟೆ ಬಿಟ್ಟು ಕೊಡವಬೇಕು. ಮುಲ್ತಾನಿ ಮಿಟ್ಟಿ ಇನ್ನೂ ಮೇಲು. ಹಿಂದೆ ಯೂರೋಪಿನಲ್ಲಿ ಉಣ್ಣೆಯ ಜಿಡ್ಡನ್ನು ತೆಗೆಯುತ್ತಿದ್ದುದು ಇಂಥ ಮಣ್ಣಿನಿಂದಲೇ. ಅನಂತರ ಸಾಬೂನನ್ನು ನೇರವಾಗಿ ಹಚ್ಚಿ, ಕೆಲವು ನಿಮಿಷ ಬಿಟ್ಟು, ಬಟ್ಟೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಒಗೆಯುವುದು. ಗಡಸು ನೀರಾದರೆ ಸಾಬೂನು ಕ್ಯಾಲ್ಸಿಯಮ್ಮಿನೊಡನೆ ಸೇರಿ ಗಸಿಯಾಗುವುದರಿಂದ ಡಿಟರ್ಜೆಂಟ್ ಪುಡಿಯೇ ಲೇಸು. ರೇಷ್ಮೆಗೆ ಸೋಡಾ ಸಲ್ಲದು, ಕ್ಷಾರವು ಅದರ ಪ್ರೋಟೀನನ್ನೇ ಕೆಡಿಸುತ್ತದೆ. ಅಂಟುವಾಳದ ನೊರೆ ಅದಕ್ಕೆ ತಕ್ಕುದು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಮಾತ್ರ ಕೂಡದು. ಬಿಸಿಯಿಂದ ಮೇಲೆ ಹೇಳಿದ ಹೆಣಿಗೆ ಇನ್ನಷ್ಟು ವೇಗವಾಗಿ ಸಾಗುತ್ತದೆ.

ಕೆಲವರು ಪೆಟ್ರೋಲಿನಲ್ಲಿ ಅದ್ದಿ ಉಜ್ಜುತ್ತಾರೆ. ಜಿಡ್ಡು ಅದರಲ್ಲಿ ಕರಗುವುದು ನಿಜ. ಆದರೆ ಅದರ ಆವಿ ಗಾಳಿಗಿಂತ ಭಾರವಾಗಿ ನೆಲದಗುಂಟ ಹರಿದು, ದೂರದ ಒಲೆಯಿಂದಲೂ ಕಿಡಿ ತರಬಲ್ಲುದು. ಮನೆಯಲ್ಲಿ ಈ ಉಪಾಯವನ್ನು ಎಂದಿಗೂ ಮಾಡಬಾರದು.

ಆಮ್ಲಜನಕ ಸೇರುವಾಗ ಶಾಖವೂ ಹೊರಬೀಳುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಹರವಿದ ಬಟ್ಟೆಯಿಂದ ಅದು ಗಾಳಿಗೆ ಹೋಗಿಬಿಡುವುದು. ಗುಡ್ಡೆಯೊಳಗೆ ಕೂಡಿಕೊಂಡು ಏರುತ್ತ ಹೋಗುವುದು. ಅಗಸೆಯೆಣ್ಣೆಯಲ್ಲಿ ನೆನೆದ ಚಿಂದಿಗಳ ರಾಶಿ ಯಾರೂ ಬೆಂಕಿಯಿಕ್ಕದೆ ಹೊತ್ತಿಕೊಂಡ ಸಂಗತಿಗಳುಂಟು. ಕುಸುಬೆಯೂ ಅದೇ ಕುಲದ್ದು. ಹಬ್ಬದಲ್ಲಿ ಎಣ್ಣೆ ಒರಸಿದ ಬಟ್ಟೆಗಳನ್ನು ಮೂಲೆಯಲ್ಲಿ ಒಟ್ಟದೆ ಒಂದೊಂದಾಗಿ ಬಿಚ್ಚಿ ಹರವುವುದು ಕ್ಷೇಮ.

ಪರೀಕ್ಷಿಸಿ ನೋಡಬೇಕೆನ್ನುವವರು ಮೂರು ಗಾಜಿನ ಚೂರುಗಳ ಮೇಲೆ ಗಾಣದ ಕುಸುಬೆ, ಕಡಲೆಕಾಯಿ, ತೆಂಗಿನೆಣ್ಣೆಗಳನ್ನು ತೀರ ತೆಳ್ಳಗೆ ಸವರಿ, ಧೂಳು ಬೀಳದಂತೆ ಬೆಳಕಿನಲ್ಲಿ ಕೆಲವು ವಾರ ಇಡಲಿ. ದಿನಕ್ಕೊಮ್ಮೆ ಬೆರಳಿನಿಂದ ಮುಟ್ಟಿದರೆ, ಯಾವುದು ಮೊದಲು ಅಂಟಂಟಾಗಿ ಗಟ್ಟಿಯಾಗತೊಡಗಿತೆಂಬುದು ತಾನೇ ತಿಳಿಯುವುದು.