ಬೆರಳಿನ ಬಲವೂ ಗುರಿಯ ನಿಲುವೂ

ಪಿಸ್ತೂಲಿನ ಗುರಿಗಾರಿಕೆಯು ಕಣ್ಣಿನ ವಿದ್ಯೆಯೆಂದು ಬಹುಮಂದಿ ಭಾವಿಸುವರು. ವಾಸ್ತವವಾಗಿ ಅದು ಬಹುಮಟ್ಟಿಗೆ ತೋರುಬೆರಳಿನ ವಿದ್ಯೆ.

ಬಳ್ಳಾರಿಯ ಗಾಂಧಿನಗರದ ವಿದ್ಯಾರ್ಥಿಯೊಬ್ಬನು ಮಾಳಿಗೆಯ ಮೇಲೆ ನಿಂತು 30 ಸೆಂಟಿಮೀಟರಿನ ಅಡಿಕೋಲನ್ನು ಕೋಟೆಯ ಗುಡ್ಡದತ್ತ ಚಾಚಿ ಹಿಡಿಯಲಿ. ಅದರ ತುದಿಯು 3 ಮಿಲಿಮೀಟರಿನಷ್ಟು ಓರೆಯಾದರೆ, ಒಂದು ಕಿಲೋಮೀಟರು ದೂರದಲ್ಲಿ ಅದು ತೋರುವ ಬಿಂದು 10 ಮೀಟರು ಸರಿದಿರುತ್ತದೆ! ಪಿಸ್ತೂಲಿಗೂ ಇದೇ ರೇಖಾಗಣಿತ. 10 ಮೀಟರು ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರು.

ಆ ಸ್ಪರ್ಧೆಯ ಪಿಸ್ತೂಲಿನ ಟ್ರಿಗರ್ ಬಲು ಹಗುರ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರಿಗೆ 500 ಗ್ರಾಂ ತೂಕದ ಬಟ್ಟನ್ನು ತಗುಲಿಸಿ ಎತ್ತಿದಾಗ ಅದು ಜಾರದಿದ್ದರೆ ಸಾಕು. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕ ಗಳಿಸಿದುದು ಈ ಸ್ಪರ್ಧೆಯಲ್ಲಿಯೇ. ಅದರ ಹಿಂದಿನ ವರ್ಷ ಸ್ಪೇನಿನ ಗ್ರನಾಡಾದಲ್ಲಿ ಅವರ ಮುಖದ ಒಂದು ಪಾರ್ಶ್ವವು ಸ್ವಾಧೀನ ತಪ್ಪಿತ್ತೆಂಬುದನ್ನು ನೆನೆದರೆ, ಆ ಪದಕದ ಬೆಲೆ ತಿಳಿಯುತ್ತದೆ.

ಡಬಲ್ ಆಕ್ಷನ್ ರಿವಾಲ್ವರಿನ ಪಾಡೇ ಬೇರೆ. 1851ರಲ್ಲಿ ಲಂಡನ್ನಿನ ರಾಬರ್ಟ್ ಆಡಮ್ಸ್ ಹಕ್ಕುಪತ್ರ ಪಡೆದ ರಿವಾಲ್ವರಿನಲ್ಲಿ, ಹೆಬ್ಬೆರಳಿನಿಂದ ಹ್ಯಾಮರನ್ನು ಎಳೆದಿಡಬೇಕಾಗಿರಲಿಲ್ಲ. ಟ್ರಿಗರಿನ ಒಂದೇ ಎಳೆತವು ಹ್ಯಾಮರನ್ನು ಹಿಂದಕ್ಕೆ ಎತ್ತಿ, ಗುಂಡಿನ ಉರುಳೆಯನ್ನು ತಿರುಗಿಸಿ, ಹ್ಯಾಮರನ್ನು ಬಿಟ್ಟುಕೊಡುತ್ತಿತ್ತು. ಸ್ಪ್ರಿಂಗನ್ನು ಮಣಿಸುವ ಕೆಲಸವೂ ಬೆರಳಿನದೇ. ಆದುದರಿಂದ ಇಂಥ ಅನೇಕ ರಿವಾಲ್ವರುಗಳಿಗೆ 4–5 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕು. ಆಯುಧದ ತೂಕವೋ ಒಂದು ಕಿಲೋಗ್ರಾಮಿನ ಆಸುಪಾಸು! ಎಳೆತವು ನೇರವಾಗಿ ಹಿಂದಕ್ಕಿರದೆ ಅತ್ತಿತ್ತ ವಾಲಿದರೆ ನಳಿಗೆಯು ತಿರುಗದೆ ಇದ್ದೀತೆ?

ಕಿರುಬೆರಳನ್ನು ಮಡಿಸಿ ನೋಡಿರಿ. ಉಂಗುರದ ಬೆರಳೂ ಜೊತೆಗೆ ಬಾಗುತ್ತದೆ. ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳು ಮುಂದೋಳಿನಲ್ಲಿ ಒತ್ತೊತ್ತಾಗಿದ್ದು, ಒಂದು ಬೆರಳಿನ ಶ್ರಮಕ್ಕೆ ಉಳಿದವೂ ಓಗೊಡುತ್ತವೆ. ತೋರುಬೆರಳನ್ನು ಈ ನಂಟಿನಿಂದ ಬಿಡಿಸುವುದೇ ಸಾಧನೆಯ ತಿರುಳು. ಪರವಾನಗಿಯುಳ್ಳ ತರಬೇತಿಯ ಅಂಗಳದಲ್ಲಿ, ಶಿಕ್ಷಕರು ಬರಿದೆಂದು ಪರೀಕ್ಷಿಸಿ ಕೊಟ್ಟ ರಿವಾಲ್ವರಿನ ನಳಿಗೆಯ ಮೇಲೆ ನಾಣ್ಯವೊಂದನ್ನಿಟ್ಟು, ಅದು ಬೀಳದಂತೆ ಟ್ರಿಗರನ್ನು ನಡುವೆ ತಡೆಯದೆ ಒಂದೇ ಸಮನೆ ಎಳೆಯುವುದು ಹಳೆಯ ಕ್ರಮ. ದಿನವೂ ಸ್ವಲ್ಪಸ್ವಲ್ಪ ಮಾಡುವುದು ಮೇಲು; ದಣಿದ ಬೆರಳು ತಪ್ಪನ್ನೇ ಕಲಿಯುತ್ತದೆ.

ಇನ್ನೊಂದು ಶತ್ರು ಬೆಚ್ಚುವಿಕೆ. ಸದ್ದನ್ನೂ ಒದೆತವನ್ನೂ ನಿರೀಕ್ಷಿಸುವ ಮೈ, ಗುಂಡು ಹಾರುವ ಮೊದಲೇ ಕೈಯನ್ನು ಕೆಳಕ್ಕೆ ಒತ್ತುತ್ತದೆ. ಅದಕ್ಕಾಗಿ ಶಿಕ್ಷಕರು ಶಿಷ್ಯನಿಗೆ ತಿಳಿಸದೆ ಗುಂಡುಗಳ ನಡುವೆ ಒಂದು ಹುಸಿಗುಂಡನ್ನು ಸೇರಿಸುವರು. ಅದರ ಸರದಿ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ; ಆದರೂ ನಳಿಗೆಯ ಮೂತಿಯು ತಟಕ್ಕನೆ ಕೆಳಗೆ ಬಾಗುವುದನ್ನು ಶಿಷ್ಯನು ತನ್ನ ಕಣ್ಣಾರೆ ಕಾಣುತ್ತಾನೆ.